ಸ್ಲ್ಯಾಬ್ ಹಾಕಿದ್ರ ಮುಗೀತು ಅನ್ನೂ ಮಾತು

ಮಿರಗ ಮಳಿ ಬರೂಕಿಂತ ಮೊದ್ಲ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಕಡೆ ಹೆಣ್ಮಕ್ಕಳಿಗೆ ಕೈ ತುಂಬ ಕೆಲಸ. ಹಪ್ಪಳ ಸಂಡಿಗಿ ಡಬ್ಬಿಗೆ ತುಂಬೂದು, ಖಾರ ಕುಟ್ಟಿಸೂದು, ಕಾಳ ಬ್ಯಾಳಿ ಬಿಸಲಿಗೆ ಒಣಗಿಸಿ ಬೇವಿನ ಎಲಿ ಹಾಕಿ ಇಡೂದು, ಕುಳ್ಳ ಬಣವಿಗೆ ತಾಡಪತ್ರಿ ಹೊಚ್ಚೂದು. ಇದರ ಜೋಡಿ ಇನ್ನೊಂದ ಕೆಲಸ ಸೇರಿಸ್ಕೋರಿ ಅಂತ ಹೇಳಾಕ ಇವತ್ತ ಬರ್ಯಾಕ್ಹತ್ತೀನಿ. ಒಂದ ಕೋಲ ತಗೊಂಡ ಮನಿ ಛತ್ತ ಬಡದ ನೋಡೂದು.

ನಗಬ್ಯಾಡ್ರಿ. ಕಲ್ಲಂಗಡಿ ತರೂವಾಗ ಬಟ್ಟಲೆ ಬಡದ ನೋಡತೀವಿ, ಹೊಸಾ ಗಡಗಿ ತರೂವಾಗ ಬಡದ ನೋಡತೀವಿ. ತಲಿ ಮ್ಯಾಲ ಟನ್‌ಗಟ್ಟಲೆ ಭಾರ ಹೊತ್ತ ನಿಂತ ಸ್ಲ್ಯಾಬ್ ಮಾತ್ರ ಒಮ್ಮಿನೂ ಬಡದ ನೋಡೂದಿಲ್ಲ.

ಸ್ಲ್ಯಾಬ್ ಅನ್ನೂದು ನಮ್ಮ ಹಳ್ಳಿಗೋಳಿಗೆ ಭಾಳ ಹಳೇದೇನಲ್ಲ. ನಮ್ಮ ಕಡೆ ಹಂಚಿನ ಮನಿ, ಅಥಣಿ ಕಡೆ ಹೋದಂಗ ಮಣ್ಣಿನ ಮಾಳಗಿ ಮನಿ. ಹಂಚಿನ ಮನಿ ಇದ್ರ ವರ್ಷಕ್ಕೊಮ್ಮಿ ಹಂಚ ಕೈಯಾಡಸಬೇಕು, ಮಂಗ್ಯಾ ಕುಣದ ಒಡದದ್ದ ಬದಲಿ ಮಾಡಬೇಕು. ಮಾಳಗಿ ಇದ್ರ ಮಳಿಗಾಲದ ಮೊದ್ಲ ಮಣ್ಣ ಹಾಕಿ ತುಳೀಬೇಕು. ಮನಿ ಅಂದ್ರ ವರ್ಷಾ ಸೇವಾ ಮಾಡೂದು ಅಂತ ಎಲ್ಲಾರಿಗೂ ಗೊತ್ತಿತ್ತು.

ಆಮ್ಯಾಲ 1993ರ ಸಪ್ಟೆಂಬರ್ 30ರ ನಸುಕಿನ್ಯಾಗ ಲಾತೂರ ಜಿಲ್ಲಾದ ಕಿಲ್ಲಾರಿ ಭೂಕಂಪ ಆತು. ಕಲ್ಲ ಮಣ್ಣಿನ ದಪ್ಪ ಗ್ವಾಡಿ ಬಿದ್ದ ಸಾವಿರಾರ ಮಂದಿ ಮಲಗಿದಲ್ಲೇ ಸತ್ರು. ನಮ್ಮ ಅತ್ತಿಯವರು 1967ರ ಕೊಯ್ನಾ ಭೂಕಂಪ ಕಂಡಾಕಿ. ಮಾಡದಾಗಿನ ಭಾಂಡೆ ಗಡಗಡ ಅಂದದ್ದ ಇನ್ನೂ ಹೇಳತಾರ. ಆ ಹೆದರಿಕಿಗೆ ನಮ್ಮ ಮಾವನವರು ಹಂಚ ಇಳಿಸಿ, ಹಳೇ ಗ್ವಾಡಿ ಕೆಡವಿ, ಇಟ್ಟಂಗಿ ಸಿಮೆಂಟಿನ ಮನಿ ಕಟ್ಟಿ 1994ರಾಗ ಸ್ಲ್ಯಾಬ್ ಹಾಕಿಸಿದ್ರು. ಅಡಗಿ ಖೋಲಿ ನಾಕ ವರ್ಷದ ಮ್ಯಾಲ ಹಿತ್ತಲ ಕಡೆ ಬ್ಯಾರೇ ಕಟ್ಟಿಸಿದ್ದು. ಸ್ಲ್ಯಾಬ್ ಹಾಕಿದ ದಿನ ಗವಂಡ್ಯಾರಿಗೆ ಹುಗ್ಗಿ ಊಟ. ‘ಇನ್ನ ಮುಗೀತು, ಮೊಮ್ಮಕ್ಕಳ ಕಾಲಕ್ಕೂ ಚಿಂತಿ ಇಲ್ಲ’ ಅಂತ ಊರಾಗ ಎಲ್ಲಾರೂ ಅಂದ್ರು. ಸ್ಲ್ಯಾಬ್ ಹಾಕಿದ ಎಲ್ಲಾ ಮನ್ಯಾಗೂ ಇದೇ ಮಾತು. ಮೊಮ್ಮಕ್ಕಳು ಬಂದ್ರು, ಚಿಂತಿನೂ ಬಂತು.

2023ರ ದೀಪಾವಳಿ ಮುಗದ ಎಂಟ ದಿನಕ್ಕ ನಡುವಿನ ಖೋಲಿ ಛತ್ತಿನಿಂದ ಭಕ್ಕರಿ ತವಾದಷ್ಟ ಒಂದ ಹಳಕ ಬಿತ್ತು. ಬಿದ್ದದ್ದ ಅತ್ತಿಯವರ ಹಾಸಿಗಿ ಮ್ಯಾಲ, ತಲಿದಿಂಬಿನ ಮಗ್ಗಲ. ಅವರು ಆಗ ಅಂಗಳದಾಗ ತೊಗರಿ ಹಸನ ಮಾಡಕೋಂತ ಕುಂತಿದ್ರು, ಉಳದ್ರು. ತಕ್ಕಡಿಗೆ ಹಾಕಿದ್ರ ಎರಡ ಕಿಲೋದ ಮ್ಯಾಲ ತೂಗಿತು. ಛತ್ತಿನ್ಯಾಗ ಬಿದ್ದ ಜಾಗಾದಾಗ ಎರಡ ಸಳಿ ಕಾಣಸ್ತಿದ್ದು, ಮಳಿಯಾಗ ಬಿದ್ದ ಹಳೇ ಕುಡಗೋಲಿನಂಗ ಕೆಂಪಗ, ಪದರ ಪದರ.

ಸಿಮೆಂಟ್ ಕಾಂಕ್ರೀಟ್ ಒಳಗ ಇಟ್ಟ ಕಬ್ಬಿಣಕ್ಕ ಯಾಕ ಜಂಗ ಹಿಡೀತು? ನಾ ಪಿಯುಸಿ ತನಕಾ ಓದಿದಾಕಿ, ಮಗನ ಹಳೇ ಪುಸ್ತಕ ತಗದ ಓದಿದೆ, ಚಿಕ್ಕೋಡಿಯಿಂದ ಬಂದ ಇಂಜಿನಿಯರನ್ನೂ ಬಿಡದಂಗ ಕೇಳಿದೆ. ತಿಳದದ್ದ ಇಷ್ಟು. ಹೊಸಾ ಕಾಂಕ್ರೀಟ್ ಸುಣ್ಣದ ನೀರಿನಂಗ ಕ್ಷಾರ ಇರತೈತಿ. ಆ ಕ್ಷಾರ ಕಬ್ಬಿಣದ ಸುತ್ತ ಕಣ್ಣಿಗೆ ಕಾಣದ ಒಂದ ತೆಳ್ಳಾನ ಪದರ ಮಾಡಿ ಜಂಗ ಬರದಂಗ ಕಾಯತೈತಿ. ಆದ್ರ ಗಾಳಿಯಾಗಿನ ಕಾರ್ಬನ್ ಡೈ ಆಕ್ಸೈಡ್ ವರ್ಷಾನುಗಟ್ಟಲೆ ಸಣ್ಣಗ ಒಳಗ ಇಳಕೋಂತ ಆ ಕ್ಷಾರ ತಿಂದಬಿಡತೈತಿ. ಅದು ಸಳಿ ತನಕಾ ಮುಟ್ಟಿದ ಮ್ಯಾಲ ಕಾವಲ ಹೋತು. ಆಗ ನೀರ ಮುಟ್ಟಿದ್ರ ಸಾಕು, ಜಂಗ ಹಿಡೀತೈತಿ. ಜಂಗಿಗೆ ಮೂಲ ಕಬ್ಬಿಣಕಿಂತ ಎರಡ ಪಟ್ಟು, ಒಮ್ಮೊಮ್ಮಿ ಆರ ಪಟ್ಟಿನ ತನಕಾ ಜಾಗಾ ಬೇಕು. ಒಳಗ ಜಾಗಾ ಎಲ್ಲೈತಿ? ಉಬ್ಬತೈತಿ, ಕೆಳಗಿನ ಕಾಂಕ್ರೀಟ್ ದೂಡತೈತಿ. ಮೊದ್ಲ ಸೀಳ, ಆಮ್ಯಾಲ ಪೊಳ್ಳ, ಆಮ್ಯಾಲ ಹಳಕ ಬೀಳೂದು.

ಅದಕ್ಕ ಸಳಿ ಕೆಳಗ ಕಾಂಕ್ರೀಟ್ ಎಷ್ಟ ದಪ್ಪ ಐತಿ ಅನ್ನೂದ ಮುಖ್ಯ. ಐ.ಎಸ್. 456 ಅಂತ ನಮ್ಮ ದೇಶದ ಕಾಂಕ್ರೀಟಿನ ಮಾನಕ ಪುಸ್ತಕ ಐತಿ, 2000ನೇ ಇಸವಿದ್ದು. ಅದರ ಪ್ರಕಾರ ಸಾದಾ ವಾತಾವರಣದಾಗ ಸಾಮಾನ್ಯವಾಗಿ 20 ಮಿಲಿಮೀಟರ್ ಹೊದಿಕಿ ಬೇಕು, ಹಸಿ ಹೆಚ್ಚ ಇದ್ರ ಇನ್ನೂ ಜಾಸ್ತಿ. ನಮ್ಮ ಛತ್ತಿನ್ಯಾಗ ಸಳಿ ಕೆಳಗ ಇದ್ದದ್ದ ಒಂದ ಭಕ್ಕರಿ ದಪ್ಪ. ಆಗಿನ ಗವಂಡಿ ಸಳಿ ಸೀದಾ ಸೆಂಟ್ರಿಂಗ್ ಫಳಿ ಮ್ಯಾಲ ಹಾಸಿ ಕಾಂಕ್ರೀಟ್ ಸುರುವಿದ್ದ. ಆ ಕಾಲದಾಗ ಹಳ್ಯಾಗ ಹಿಂಗ ಹಾಕಿದ ಸ್ಲ್ಯಾಬ್ ಭಾಳ. ಅವಕ್ಕೆಲ್ಲಾ ಈಗ ಮೂವತ್ತ ಆಗಾಕ ಬಂದೈತಿ.

ಮೊದ್ಲ ಬಂದ ಗವಂಡಿ ಮ್ಯಾಲ ನೋಡಿದಾ, ‘ಒಂದ ದಿನದ ಕೆಲಸ ಬಾಯಾರ, ಗಿಲಾವ ಹಚ್ಚಿ ಬಣ್ಣ ಹೊಡದ್ರ ಹೊಸಾದ ಆಕ್ಕೈತಿ’ ಅಂದಾ. ಎರಡನೇದಾಂವ ಒಂದ ಡಬ್ಬಿ ತೋರಿಸಿ, ಇದನ್ನ ಗಚ್ಚಿಗೆ ಬಳದ್ರ ಹತ್ತ ವರ್ಷ ಗ್ಯಾರಂಟಿ ಅಂದಾ. ಇಬ್ಬರೂ ಕೈಯಾಗ ಸುತ್ತಿಗಿ ಹಿಡೀಲಿಲ್ಲ. ಜಂಗ ಹಿಡದ ಸಳಿ ಮ್ಯಾಲ ಗಿಲಾವ ಹಚ್ಚೂದಂದ್ರ ಕೀವ ತುಂಬಿದ ಗಾಯಕ್ಕ ಅರಿವಿ ಸುತ್ತಿದಂಗ. ಒಳಗ ಜಂಗ ಉಬ್ಬೂದ ನಿಲ್ಲೂದಿಲ್ಲ. ಮುಂದಿನ ಸಲ ಗಿಲಾವದ ಭಾರನೂ ಸೇರಿ ಬೀಳತೈತಿ.

ಇಂಜಿನಿಯರ್ ಮಾತ್ರ ಎರಡ ತಾಸ ಮನಿ ತುಂಬ ಛತ್ತ ಬಡದಾ. ಗಟ್ಟಿ ಇದ್ದಲ್ಲಿ ‘ಟಣ್’ ಅಂತಿತ್ತು, ಪೊಳ್ಳ ಇದ್ದಲ್ಲಿ ‘ಧಬ್’ ಅಂತಿತ್ತು. ಧಬ್ ಅಂದಲ್ಲೆಲ್ಲಾ ಖಡುವಿಲೆ ಗೆರಿ ಹೊಡದಾ. ನಡುವಿನ ಖೋಲ್ಯಾಗ ನಾಕ ಕಡೆ, ಪಡಸಾಲ್ಯಾಗ ಒಂದ ಕಡೆ. ಅಡಗಿ ಖೋಲ್ಯಾಗ ಖಡು ಹಿಡಕೊಂಡ ಸುಮ್ಮನ ನಿಂತಾ. ಅಲ್ಲಿ ಗಟ್ಟಿ ಜಾಗಾಕ್ಕ ಗೆರಿ ಹೊಡಿಯೂದ ಸಸಾರ ಇತ್ತು.

ಅಡಗಿ ಖೋಲಿ ಸ್ಲ್ಯಾಬ್ ಹತ್ತ ಫೂಟ ಅಗಲ, ಹನ್ನೆರಡ ಫೂಟ ಉದ್ದ, ಐದ ಇಂಚ ದಪ್ಪ. ಲೆಕ್ಕಾ ಮಾಡಿದ್ರ ಅದೊಂದರ ಭಾರನ ಮೂರೂವರಿ ಟನ್. ಅದರ ಮ್ಯಾಲ ಸಾವಿರ ಲೀಟರಿನ ನೀರಿನ ಟಾಕಿ, ಅಂದ್ರ ಇನ್ನೊಂದ ಟನ್. ಟಾಕಿ ತುಂಬಿ ಚೆಲ್ಲಿದ ನೀರ ಅಲ್ಲೇ ನಿಂತ ಹೀರತಿತ್ತು. ಒಳಗಿಂದ ಇಪ್ಪತ್ತೈದ ವರ್ಷದ ಹಬೆ. ಎಂಟ ಮಿಲಿಮೀಟರಿನ ಸಳಿ ಕೆಲವ ಕಡೆ ಅಂಬಾರ ಕಡ್ಡಿಯಷ್ಟ ಉಳದಿತ್ತು, ನಡುವ ಸ್ಲ್ಯಾಬ್ ಜೋತಬಿದ್ದಿತ್ತು. ‘ನಡುವಿನ ಖೋಲಿ ದುರಸ್ತಿ ಆಕ್ಕೈತಿ, ಇದು ಆಗೂದಿಲ್ಲ, ಇಳಿಸಬೇಕು. ಇವತ್ತ ಟಾಕಿ ಖಾಲಿ ಮಾಡ್ರಿ, ಇದರ ಕೆಳಗ ಕೂಡಬ್ಯಾಡ್ರಿ’ ಅಂದಾ. ದಿನಕ್ಕ ಆರ ತಾಸ ನಾ ಕೂಡೂದ ಅದರ ಕೆಳಗ.

ಅವತ್ತಿನಿಂದ ಮನ್ಯಾಗ ಪಂಚಾಯ್ತಿ. ಪುಣೆದಾಗಿರೂ ಮಗಾ, ‘ಹಳೇ ಮನಿಗೆ ರೊಕ್ಕ ಸುರುವಬ್ಯಾಡ್ರಿ, ಮಾರಿ ನಮ್ಮ ಕಡೆ ಬರ್ರಿ’ ಅಂದಾ. ನಮ್ಮನಿಯವರು, ‘ಅರ್ಧಾ ಮರ್ಧಾ ಯಾಕ, ಎಲ್ಲಾ ಕೆಡವಿ ಹೊಸಾದ ಕಟ್ಟೂಣು, ಕಬ್ಬಿನ ಬಿಲ್ ಬರತೈತಿ, ಉಳದದ್ದ ಸಾಲ ತಗೀತೀನಿ’ ಅಂದ್ರು. ಅತ್ತಿಯವರು ಹಾಸಿಗಿ ಸುತ್ತಿ ಪಡಸಾಲಿಗೆ ತಂದ್ರೂ ರಾತ್ರಿ ಹೋಗಿ ಅದೇ ಖೋಲ್ಯಾಗ ಮಲಗವರು. ‘ನಿಮ್ಮ ಮಾವನ ಕೈಯಾಗ ಕಟ್ಟಿದ್ದ ನನ್ನ ಮ್ಯಾಲ ಬೀಳೂದಿಲ್ಲ’ ಅನ್ನೂದೊಂದ ಮಾತು. ಎಂಬತ್ತ ದಾಟಿದ ಹಿರಿಯಾಕಿಗೆ ಜಂಗಿನ ವಿಜ್ಞಾನ ಏನ ಹೇಳೂದು? ಇತ್ತ ಮಗನ ಸಿಟ್ಟ, ಅತ್ತ ಸಾಲದ ಮಾತು, ನಡುವ ಆ ಛತ್ತ. ನನಗ ರಾತ್ರಿ ನಿದ್ದಿ ಹತ್ತತಿರಲಿಲ್ಲ. ಸಣ್ಣ ಸಪ್ಪಳ ಆದ್ರ ಎದ್ದ ಹೋಗಿ ಬ್ಯಾಟರಿ ಬಿಟ್ಟ ನೋಡತಿದ್ದೆ.

ಕಡೀಕ ನಾ ಒಂದ ಹಾಳಿ ಮ್ಯಾಲ ಮೂರ ಕಲಂ ಹಾಕಿದೆ. ಯಾವುದ ಇಳಿಸಬೇಕು, ಯಾವುದ ದುರಸ್ತಿ ಆಕ್ಕೈತಿ, ಯಾವುದಕ್ಕ ಏನೂ ಬ್ಯಾಡ. ಇಂಜಿನಿಯರ್ ಹೇಳಿದ್ದನ್ನ ಹಂಗ ಬರದೆ. ಮನಿ ಒಂದ ಅಂತ ಅನಸ್ತೈತಿ, ಆದ್ರ ಸ್ಲ್ಯಾಬಿನ ಒಂದೊಂದ ಭಾಗದ ವಯಸ್ಸ ಬ್ಯಾರೆ. ಹೊಲದಾಗ ಒಂದ ಎತ್ತ ಮುದಿಯಾತಂತ ಜೋಡಿ ಎತ್ತೂ ಮಾರತೀವೇನು? ಎಲ್ಲಾ ಕೆಡವೂ ಖರ್ಚಿನ ಮೂರನೇ ಒಂದ ಪಾಲಿನ್ಯಾಗ ಕೆಲಸ ಆಗೂವಂಗಿತ್ತು. ಆ ಹಾಳಿ ನೋಡಿ ನಮ್ಮನಿಯವರು ಸುಮ್ಮನಾದ್ರು, ಮಗಾ ಅರ್ಧಾ ರೊಕ್ಕ ಕಳಿಸಿದಾ. ಅತ್ತಿಯವರಿಗೆ ನಾ ಅಂದೆ, ‘ನಿಮ್ಮ ಛತ್ತ ಕೆಡವೂದಿಲ್ಲ, ಔಷಧಾ ಹಾಕಸ್ತೀವಿ, ತಿಂಗಳೊಪ್ಪತ್ತ ಪಡಸಾಲ್ಯಾಗ ಇರ್ರಿ.’ ಅವತ್ತ ಒಪ್ಪಿದ್ರು.

2024ರ ಮಾರ್ಚ್‌ದಾಗ ಕೆಲಸಕ್ಕ ಕೈ ಹಚ್ಚಿದ್ವಿ. ನಡುವಿನ ಖೋಲ್ಯಾಗ ಮೊದ್ಲ ಟೇಕ ಕೊಟ್ರು. ಟೇಕ ಇಲ್ಲದ ಕಾಂಕ್ರೀಟ್ ಕಡಿಯಾಕ ಯಾರಿಗೂ ಬಿಡಬ್ಯಾಡ್ರಿ. ಪೊಳ್ಳ ಕಾಂಕ್ರೀಟ್ ಕಡದ ಅಷ್ಟಕ್ಕ ನಿಲ್ಲಿಸಲಿಲ್ಲ, ಸಳಿ ಹಿಂದ ಬಟ್ಟ ತೂರೂವಷ್ಟ ಜಾಗಾ ಮಾಡಿದ್ರು. ಇಲ್ಲಾಂದ್ರ ಸಳಿ ಬೆನ್ನಿಗೆ ಜಂಗ ಉಳೀತೈತಿ. ತಂತಿ ಬ್ರಶ್‌ಲೆ ಕಬ್ಬಿಣ ಹೊಳೆಯೂ ತನಕಾ ತಿಕ್ಕಿದ್ರು. ತೆಳ್ಳಗಾದ ಸಳಿ ಮಗ್ಗಲ ಹೊಸಾ ಸಳಿ ಕಟ್ಟಿದ್ರು. ಜಂಗ ತಡಿಯೂ ಬಣ್ಣ ಬಳದ, ಹಳೇ ಹೊಸಾ ಹಿಡದ ಕೂಡೂ ಅಂಟ ಹಚ್ಚಿ, ಪಾಲಿಮರ್ ಸೇರಿಸಿದ ಗಾರಿ ಪದರ ಪದರ ತುಂಬಿದ್ರು. ಒಮ್ಮೆಲೆ ದಪ್ಪ ತುಂಬಿದ್ರ ಭಾರಕ್ಕ ಜಾರತೈತಿ. ಬ್ಯಾನಿಗೆ ಮಲಾಮ ಹಚ್ಚೂಕಿಂತ ಮೊದ್ಲ ಗಾಯ ತೊಳಿಯೂದ ಹೆಚ್ಚಿನ ಕೆಲಸ ಅಂತಾರಲ್ಲ, ಇಲ್ಲೂ ಹಂಗ. ತುಂಬೂದ ಎರಡ ದಿನ, ಕಡದ ತಿಕ್ಕೂದ ಒಂದ ವಾರ.

ಅಡಗಿ ಖೋಲಿ ಸ್ಲ್ಯಾಬ್ ಇಳಿಸಿದ್ರು. ಒಂದೂವರಿ ತಿಂಗಳ ಹಿತ್ತಲದಾಗ ಪತ್ರಾಸ್ ಕೆಳಗ ಮೂರ ಕಲ್ಲಿನ ಒಲಿ. ಹೊಸಾ ಸಳಿ ಕಟ್ಟೂವಾಗ ಸಳಿ ಕೆಳಗ ಸಿಮೆಂಟಿನ ಸಣ್ಣ ಸಣ್ಣ ಬಿಲ್ಲಿ ಇಡಸಿದ್ವಿ. ಇವಕ್ಕ ಕವರ್ ಬ್ಲಾಕ್ ಅಂತಾರ, ಸಳಿ ಫಳಿಗೆ ಹತ್ತದಂಗ ಎತ್ತಿ ಹಿಡೀತಾವು. ಸ್ಲ್ಯಾಬ್ ದಿನ ಮಿಕ್ಸರ್ ಬಂತು, ಜಗಳಾನೂ ಬಂತು. ಗವಂಡಿಗೋಳಿಗೆ ಕಾಂಕ್ರೀಟ್ ಅಂಬಲಿಯಂಗ ತೆಳ್ಳಗ ಇದ್ರ ಹರವೂದ ಹಗುರ, ಅದಕ್ಕ ನೀರ ಸುರುವತಾರ. ಸಿಮೆಂಟಿಗೆ ಬೇಕಾದಷ್ಟ ನೀರ ಅದರಾಗ ಕೂಡಿ ಗಟ್ಟಿ ಆಕ್ಕೈತಿ, ಹೆಚ್ಚಿಂದ ಆರಿ ಹೋಗಿ ಅಷ್ಟೂ ಜಾಗಾ ತೂತ ಉಳೀತೈತಿ. ಆ ತೂತಿನಿಂದನ ಮುಂದ ನೀರ, ಗಾಳಿ ಒಳಗ ಹೋಗತಾವು. 50 ಕಿಲೋ ಚೀಲಕ್ಕ ಉಸುಕಿನ್ಯಾಗಿನ ಹಸಿನೂ ಹಿಡದ 25ರಿಂದ 28 ಲೀಟರ್ ಅಂತ ಇಂಜಿನಿಯರ್ ಬರದ ಕೊಟ್ಟಿದ್ದಾ. ನಾ ಬಕೇಟ ಹಿಡಕೊಂಡ ಮಿಕ್ಸರ್ ಮಗ್ಗಲ ನಿಂತೆ. ‘ಬಾಯಾರ, ನೀವ ಅಡಗಿ ನೋಡ್ರಿ’ ಅಂದಾ ಒಬ್ಬಾಂವ. ‘ಇದೂ ಅಡಗೀನ ಐತಿ ತಮ್ಮಾ, ಹಿಟ್ಟಿಗೆ ನೀರ ಹೆಚ್ಚಾದ್ರ ಭಕ್ಕರಿ ಹರೀತೈತಿ’ ಅಂದೆ. ಉಳದವರು ನಕ್ಕ ಕೆಲಸಕ್ಕ ಹತ್ತಿದ್ರು.

ನೀರ ಕುಡಿಸೂದ ಆಮ್ಯಾಲ ಸುರು. ಗಟ್ಟಿ ಆದ ಮ್ಯಾಲ ಕಾಂಕ್ರೀಟಿಗೆ ಹೊರಗಿಂದ ಹಸಿ ಬೇಕು. ಕಮ್ಮಿಯಂದ್ರ ಏಳ ದಿನ, ನಮ್ಮಂಥಾ ಒಣಾ ಬ್ಯಾಸಗಿಗೆ ಹತ್ತ ದಿನ. ನಾವು ಹದಿನಾಲ್ಕ ದಿನ ಗೋಣಿ ಚೀಲ ಹಾಸಿ ಒಣಗದಂಗ ನೋಡಕೊಂಡ್ವಿ. ಈ ಕೆಲಸ ಯಾವಾಗಲೂ ಹೆಣ್ಮಕ್ಕಳ ಪಾಲಿಗೆ ಬರತೈತಿ. ಗವಂಡಿ ರೊಕ್ಕ ತಗೊಂಡ ಹೋಗಿರತಾನ, ಮ್ಯಾಲ ಹತ್ತಿ ನೀರ ಹೊಡಿಯಾಕಿ ಮನ್ಯಾಕಿ. ಸ್ಲ್ಯಾಬಿನ ಅರ್ಧಾ ಆಯುಷ್ಯ ಈ ಹದಿನಾಲ್ಕ ದಿನದಾಗ ನಿಮ್ಮ ಕೈಯಾಗ ಇರತೈತಿ, ಬ್ಯಾಸರ ಮಾಡಬ್ಯಾಡ್ರಿ.

ಕಡೀಕ ಗಚ್ಚಿ. ಎಲ್ಲಿಂದ ನೀರ ಇಳೀತಿತ್ತೋ ಅದನ್ನ ಬಂದ್ ಮಾಡದ ಕೆಳಗ ಏನ ಮಾಡಿದ್ರೂ ದಂಡ. ಮ್ಯಾಲ ಇಳಕಲ ಮಾಡಿ, ಕಟ್ಟಿ ಮೂಲಿ ಗೋಲ ತಿದ್ದಿ, ನೀರ ಹೋಗೂ ಪೈಪ ದೊಡ್ಡದ ಮಾಡಿಸಿದ್ವಿ. ಒಡಕ ಬಿಳೇ ಟೈಲ್ಸ್ ಹಾಸಿದ್ರಿಂದ ಒಳಗ ಉರಿನೂ ಕಮ್ಮಿ ಆಗೇತಿ. ಟಾಕಿ ಈಗ ಗ್ವಾಡಿ ಮ್ಯಾಲ ಕುಂತ ಬ್ಯಾರೇ ಕಟ್ಟಿಗೆ ಹೋಗೇತಿ.

ಈ ಗದ್ದಲದಾಗ ಕೆನಡಾದಾಗಿರೂ ನಮ್ಮ ತಂಗಿ ಮಗಳು ವಿಡಿಯೋ ಕಾಲ್ ಮಾಡಿದ್ಲು. ನಮ್ಮ ಛತ್ತ ನೋಡಿ ನಕ್ಕ, ಫೋನ ತಿರುವಿ ಅವರ ಮನಿ ಮುಂದಿನ ಮೆಟ್ಟಲ ತೋರಿಸಿದ್ಲು. ಹಪ್ಪಳದಂಗ ಪದರ ಎದ್ದ ಉದರಿತ್ತು. ಅಲ್ಲಿ ಜಂಗಿಗಿಂತ ಮೊದ್ಲ ಬರ್ಫ ಬರತೈತಿ. ಕಾಂಕ್ರೀಟಿನ ಸಣ್ಣ ತೂತಿನ್ಯಾಗ ಹೊಕ್ಕ ನೀರ ಹೆಪ್ಪಗಟ್ಟಿದ್ರ ನೂರಕ್ಕ ಒಂಬತ್ತ ಪಾಲ ಉಬ್ಬತೈತಿ. ಚಳಿಗಾಲದಾಗ ಹೆಪ್ಪಗಟ್ಟೂದು, ಕರಗೂದು, ಮತ್ತ ಹೆಪ್ಪಗಟ್ಟೂದು. ಜಾರಬಾರದಂತ ಚೆಲ್ಲೂ ಉಪ್ಪ ಅದನ್ನ ಇನ್ನೂ ಹಾಳ ಮಾಡತೈತಿ. ಅದಕ್ಕ ಅಲ್ಲಿ ಕಾಂಕ್ರೀಟ್ ಕಲಿಸೂವಾಗನ ಕಣ್ಣಿಗೆ ಕಾಣದಷ್ಟ ಸಣ್ಣ ಗಾಳಿ ಗುಳ್ಳಿ ಇರೂವಂಗ ಔಷಧಾ ಸೇರಸ್ತಾರಂತ. ಹೆಪ್ಪಗಟ್ಟಿ ಉಬ್ಬೂವಾಗ ನೀರ ಆ ಗುಳ್ಳ್ಯಾಗ ಸರೀತೈತಿ, ಕಾಂಕ್ರೀಟ್ ಒಡಿಯೂದಿಲ್ಲ. ಅವರ ಮೆಟ್ಟಲ ತುಂಬೂದ ಬಿಟ್ಟ ಪೂರಾ ತಗದ ಹೊಸಾದ ಹಾಕಿಸಬೇಕಾತು. ಅಲ್ಲಿ ಉಬ್ಬೂದ ಬರ್ಫ, ಇಲ್ಲಿ ಉಬ್ಬೂದ ಜಂಗ. ಎರಡಕ್ಕೂ ಬೀಜ ನೀರು.

ನಮ್ಮ ಹೊಳಿ ದಂಡಿ ಊರಾಗಿನವರಿಗೆ ಇನ್ನೊಂದ ಮಾತು. ಕೃಷ್ಣಾ, ದೂಧಗಂಗಾ, ವೇದಗಂಗಾ 2005ರಾಗ, 2019ರ ಆಗಸ್ಟ್‌ದಾಗ, 2021ರ ಜುಲೈದಾಗ ಊರ ಹೊಕ್ಕಾವು. ಮಹಾಪೂರದ ನೀರ ನಿಂತ ಮನ್ಯಾಗ ಛತ್ತ ಅಷ್ಟ ನೋಡಿದ್ರ ಸಾಲದು, ಕಾಲಮ್ಮಿನ ಬುಡಾ ನೋಡ್ರಿ. ಮೂಲಿಗುಂಟ ನೆಟ್ಟಗ ಸೀಳ ಬಿಟ್ಟಿದ್ರ ಒಳಗಿನ ಸಳಿ ಜಂಗ ಹಿಡದೈತಿ ಅಂತ ತಿಳೀರಿ. ಕಾಲಂ ಕೆಲಸ ಮಾತ್ರ ಗವಂಡಿ ಮಾತಿನ ಮ್ಯಾಲ ಮಾಡಿಸಬ್ಯಾಡ್ರಿ, ಇಂಜಿನಿಯರ್ ಕರೀರಿ. ಎರಿ ಮಣ್ಣಿನ ಮ್ಯಾಲ ಕಟ್ಟಿದ ಮನಿಗೆ ಕಿಡಕಿ ಮೂಲಿಯಿಂದ ಓರೆ ಸೀಳ ಹೋಗಿದ್ರ ಅದ ಬ್ಯಾರೇ ರೋಗ. ಮಳಿಗೆ ಎರಿ ಉಬ್ಬತೈತಿ, ಬ್ಯಾಸಗಿಗೆ ಕುಗ್ಗತೈತಿ, ಪಾಯಾ ಅಳ್ಳಾಡತೈತಿ. ಅದಕ್ಕ ಛತ್ತಿನ ಔಷಧಾ ನಡಿಯೂದಿಲ್ಲ, ಪಾಯಾದ ಸುತ್ತ ನೀರ ನಿಲ್ಲದಂಗ ಮಾಡೂದ ಮೊದಲಿನ ಕೆಲಸ.

ಛತ್ತಿನ್ಯಾಗ ಸಣ್ಣ ಕೂದಲಿನಂಥಾ ಸೀಳ ಅಡ್ಡಾದಿಡ್ಡಿ ಇದ್ರ ಹೆಚ್ಚಾಗಿ ಅದು ಬರೇ ಗಿಲಾವದ್ದು, ಹೆದರಬ್ಯಾಡ್ರಿ. ಪಟ್ಟಿ ಇಟ್ಟ ಹೊಡದಂಗ ನೆಟ್ಟಗ ಇದ್ದು, ಕೆಂಪ ಕಲಿ ಇದ್ದು, ಬಡದ್ರ ಧಬ್ ಅಂತಿದ್ರ ಕೆಳಗಿನ ಹಾಸಿಗಿ ಅವತ್ತ ಸರಸ್ರಿ. ಬಡಿಯೂವಾಗ ನೇರ ಕೆಳಗ ನಿಲ್ಲಬ್ಯಾಡ್ರಿ, ಮಗ್ಗಲ ನಿಂತ ಬಡೀರಿ.

ಅತ್ತಿಯವರು ಈಗ ಮತ್ತ ಅವರ ಖೋಲ್ಯಾಗ ಅದಾರ. ಹೋದ ತಿಂಗಳ ಪುಣೆದಿಂದ ಸೊಸಿ ಫೋನ ಮಾಡಿದಾಗ ನಾ ಕೇಳಿದೆ, ‘ನಿಮ್ಮ ಹನ್ನೊಂದನೇ ಮಜಲೆದ ಮನಿ ಛತ್ತ ಯಾರ ಬಡದ ನೋಡತಾರವಾ?’ ‘ಸೊಸಾಯಿಟಿಯವರು ನೋಡಬೇಕ್ರಿ ಅತ್ತಿ’ ಅಂದ್ಲು. ‘ಅವರ ನೋಡಲಿ, ನೀನೂ ಒಂದ ಕೋಲ ಇಟ್ಟಕೋ’ ಅಂದೆ. ಮರದಿನ ಫೋಟೋ ಕಳಿಸಿದ್ಲು. ಕಸಬರಗಿ ಕಟ್ಟಿಗಿ ಹಿಡಕೊಂಡ ನನ್ನ ಮೊಮ್ಮಗಾ ಖುರ್ಚಿ ಮ್ಯಾಲ ನಿಂತಾನ. ಕೆಳಗ ಬರದಿದ್ಲು, ‘ಟಣ್ ಅಂತೈತ್ರಿ.’